ಬೀಜದ ಉಳ್ಳಾಗಡ್ಡಿಗೆ ಫ್ರೆಂಚ್ ಸೂಪಿನ ಗತಿ ಕಾಣಿಸಿದ್ದು

ರಾಯಚೂರಿನ ಸಮಸ್ತ ನಾಗರಿಕರ ಗಮನಕ್ಕೆ: ಮೊನ್ನೆ ಗುರುವಾರ ಮಧ್ಯಾಹ್ನ ನಮ್ಮ ಮನೆಯ ಗ್ಯಾಸ್ ಒಲೆಯ ಮೇಲೆ ಫ್ರೆಂಚ್ ಆನಿಯನ್ ಸೂಪ್ ಅವತರಿಸಿತು.

ಇದನ್ನು ದಾಖಲಿಸದಿದ್ದರೆ ಮುಂದಿನ ಪೀಳಿಗೆ ನನ್ನನ್ನು ಕ್ಷಮಿಸುವುದಿಲ್ಲ. ಈಗಿನ ಪೀಳಿಗೆ, ಅಂದರೆ ನನ್ನ ಹೆಂಡತಿ ರೇಣುಕಾ, ಹೇಗೂ ಕ್ಷಮಿಸಿಲ್ಲ.

ಆಗಿದ್ದಿಷ್ಟು. ಕಣ್ಣು ತೋರಿಸಲಿಕ್ಕೆಂದು ನಮ್ಮ ಜಿಲ್ಲೆಯ ಜಾಲಹಳ್ಳಿಯಿಂದ ಅತ್ತೆ ಬಂದಿದ್ದರು. ರೇಣುಕಾ ಅವರನ್ನು ಕರೆದುಕೊಂಡು ಆಸ್ಪತ್ರೆಗೆ ಹೋದಳು.

ನನಗೆ ರಜೆ. ಕೈಯಲ್ಲಿ ಮೊಬೈಲು. ಮೊಬೈಲಿನಲ್ಲಿ ಏಪ್ರನ್ ತೊಟ್ಟ ಒಬ್ಬ ಮಹಾನುಭಾವ ಬರೀ ಉಳ್ಳಾಗಡ್ಡಿಯಿಂದ ಸ್ವರ್ಗ ತೋರಿಸುತ್ತಿದ್ದಾನೆ...

ನಮ್ಮ ಬುಟ್ಟಿಯಲ್ಲಿ ಇದ್ದದ್ದು ನಾಲ್ಕು ಉಳ್ಳಾಗಡ್ಡಿ, ಅದರಲ್ಲಿ ಎರಡು ಕೊಳೆತವು. ಆದರೆ ಅಡುಗೆಕಟ್ಟೆಯ ಕೆಳಗೆ ಅತ್ತೆ ತಂದಿಟ್ಟ ಬಟ್ಟೆಚೀಲ ಬಿಚ್ಚಿದರೆ, ಆಹಾ. ಎಲ್ಲ ಒಂದೇ ಗಾತ್ರ, ಒಂದೇ ಕೆಂಪು, ಗರಿಗರಿ ಸಿಪ್ಪೆ. ಪ್ರತಿಯೊಂದನ್ನೂ ಇಂಟರ್‌ವ್ಯೂ ಮಾಡಿ ಆರಿಸಿದಂತಿತ್ತು.

ಅಳಿಯನಿಗೆಂದೇ ತಂದಿದ್ದಾರೆ ಎಂದುಕೊಂಡೆ. ಅಳಿಯಂದಿರ ಬುದ್ಧಿ ಬೇರೆ ಯಾವ ಕಡೆಗೆ ಓಡುತ್ತದೆ ಹೇಳಿ?

ಇಪ್ಪತ್ಮೂರು ಹೆಚ್ಚಿದೆ. ಅಪ್ಪಟ ಕಣ್ಣೀರು ಸುರಿಸಿಯೇ ಹೆಚ್ಚಿದೆ.

ನಾವು ಒಗ್ಗರಣೆಯ ಉಳ್ಳಾಗಡ್ಡಿಗೆ ಐದು ನಿಮಿಷ ಕೊಟ್ಟರೆ ಹೆಚ್ಚು. ಫ್ರೆಂಚರು ಒಂದು ತಾಸು ಕೊಡುತ್ತಾರಂತೆ. ಸಣ್ಣ ಉರಿಯಲ್ಲಿ ತಿರುವಿದೆ, ತಿರುವಿದೆ... ದೊಡ್ಡ ಪಾತ್ರೆ ತುಂಬ ಇದ್ದದ್ದು ಕೊನೆಗೆ ಕಂದು ಬಣ್ಣದ ಒಂದು ಹಿಡಿಯಾಯಿತು.

ಆಮೇಲೆ ಅದಕ್ಕೆ ವೈನ್ ಸುರಿಯಬೇಕಂತೆ. ಅತ್ತೆ ಊರಿಂದ ಬಂದಿರುವಾಗ ಆ ಕೆಲಸ ಮಾಡುವ ಧೈರ್ಯ ಯಾವ ಫ್ರೆಂಚನಿಗಿದೆಯೋ ನೋಡೋಣ. ನಾನು ನಿಂಬೆಹಣ್ಣು ಹಿಂಡಿ ನೀರು ಹಾಕಿದೆ.

ಓವನ್ ಇಲ್ಲ. ಬ್ರೆಡ್ಡು, ಅದರ ಮೇಲೆ ಚೀಸು ಇಟ್ಟು, ಕಾಯ್ದ ಹಂಚನ್ನೇ ಬಟ್ಟಲ ಮೇಲೆ ಮುಚ್ಚಿದೆ. ಚೀಸು ಕರಗಿತು. ನನ್ನ ಎದೆ ಉಬ್ಬಿತು.

ಅಷ್ಟರಲ್ಲಿ ಅವರಿಬ್ಬರೂ ಬಂದರು.

ಇಲ್ಲೊಂದು ಮಾತು ಹೇಳಬೇಕು. ಮದುವೆಯಾಗಿ ಹನ್ನೊಂದು ವರ್ಷವಾದರೂ ನಮ್ಮ ಅತ್ತೆ ನನ್ನೊಂದಿಗೆ ನೇರವಾಗಿ ಮಾತಾಡಿದವರಲ್ಲ. ಅವರ ಕಾಲದವರಿಗೆ ಅಳಿಯನೆಂದರೆ ಅಷ್ಟು ಮರ್ಯಾದೆ. ನಾನು ಮೂರಡಿ ದೂರದಲ್ಲಿ ಕೂತಿದ್ದರೂ, ಅಳಿಯಂದ್ರು ಚಾ ಕುಡೀತಾರೇನು ಎಂದು ಮಗಳನ್ನೇ ಕೇಳುತ್ತಾರೆ.

ಈಗಲೂ ಮಗಳನ್ನೇ ಕೇಳಿದರು.

"ರೇಣುಕಾ, ಚೀಲದ ಬಾಯಿ ಯಾರ್ ಬಿಚ್ಚ್ಯಾರ ಕೇಳು."

ರೇಣುಕಾ ನನ್ನನ್ನು ನೋಡಿದಳು. ನಾನು ಸೂಪನ್ನು ನೋಡಿದೆ.

ಆಮೇಲೆ ತಿಳಿಯಿತು. ಅವು ತಿನ್ನಲಿಕ್ಕೆ ತಂದವಲ್ಲ, ಬೀಜಕ್ಕೆ ಇಟ್ಟವು. ಗಡ್ಡೆಯನ್ನು ನೆಲದಲ್ಲಿ ಹೂತರೆ ಹೂವಿನ ಕಡ್ಡಿ ಏಳುತ್ತದೆ, ಹೂವಿನಿಂದ ಕರಿ ಬೀಜ, ಬೀಜದಿಂದ ಮುಂದಿನ ಬೆಳೆ. ಅತ್ತೆಯ ತವರಿನ ತಳಿಯದು. ಅಂಗಡಿಯಲ್ಲಿ ಸಿಗುವುದಿಲ್ಲ.

ಮಾನ್ವಿ ಹತ್ತಿರದ ಚೀಕಲಪರ್ವಿಯಲ್ಲಿರುವ ಅವರ ತಂಗಿ ಇಟ್ಟುಕೊಂಡಿದ್ದ ಗಡ್ಡೆಗಳೆಲ್ಲ ಈ ಸಲ ಕೊಳೆತುಹೋಗಿವೆ. ಅದಕ್ಕೇ ಅತ್ತೆ ತಮ್ಮ ರಾಶಿಯನ್ನೆಲ್ಲ ಜಾಲಾಡಿ ನಲವತ್ತು ಆರಿಸಿ ತಂದಿದ್ದರು. ಸೋಮವಾರ ಅಲ್ಲಿ ನಾಟಿ. ಚೀಲದಲ್ಲಿ ಉಳಿದದ್ದು ಹದಿನೇಳು.

ಅತ್ತೆ ಬೈಯಲಿಲ್ಲ. ಚೀಲ ಮಡಿಲಲ್ಲಿಟ್ಟುಕೊಂಡು ನೆಲಕ್ಕೆ ಕೂತುಬಿಟ್ಟರು. ಆಗಲೇ ತಂಗಿಯ ಫೋನು ಬಂತು. ಅದು ಬಡಿದುಕೊಳ್ಳುವುದನ್ನು ಸುಮ್ಮನೆ ನೋಡುತ್ತ ಕೂತರೇ ಹೊರತು ಎತ್ತಲಿಲ್ಲ.

ಆಗ ನನಗೆ ನಗು, ಫ್ರೆಂಚು, ಎಲ್ಲ ಮರೆತುಹೋಯಿತು.

ರೇಣುಕಾ ಮಾತ್ರ ಶುರು ಹಚ್ಚಿಕೊಂಡಳು. ಕೇಳದೆ ಚೀಲಕ್ಕೆ ಕೈ ಹಾಕಿದ್ದು, ಅರ್ಧ ಪ್ಯಾಕೆಟ್ ಬೆಣ್ಣೆ ಕರಗಿಸಿದ್ದು, ಹಂಚು ಕೆಡಿಸಿದ್ದು... ಕೊನೆಗೆ ಹಳೆಯ ದೂರು: ನಾನು ಉಳ್ಳಾಗಡ್ಡಿ ಹೆಚ್ಚಿದರೆ ಬುಡದ ಕಡೆ ಬೆರಳು ದಪ್ಪ ಕೊಯ್ದು ಕಸಕ್ಕೆ ಹಾಕುತ್ತೇನಂತೆ.

ಅತ್ತೆ ತಟ್ಟನೆ ತಲೆ ಎತ್ತಿದರು.

"ಬುಡ ಎಲ್ಲಿ ಒಗದೀರಿ?"

ಉತ್ತರವನ್ನು ದಾಟಿಸಲಿಕ್ಕೆ ನಾನು ರೂಢಿಯಂತೆ ರೇಣುಕಾಳ ಕಡೆ ತಿರುಗಿದೆ.

"ಆಕಿನ್ನೇನು ನೋಡ್ತೀರಿ? ನಿಮ್ಮನ್ನ ಕೇಳಾಕತ್ತೀನಿ."

ಕಸದ ಬಕೆಟ್ಟು ನಡುಮನೆಗೆ ಬಂತು. ಮೂವರೂ ಸುತ್ತ ಕೂತು ಬುಡ ಹೆಕ್ಕಿದೆವು. ನಾಟಿ ಮಾಡುವಾಗಲೂ ಗಡ್ಡೆಯ ಮೇಲಿನ ಭಾಗ ಕೊಯ್ದು, ಒಳಗೆ ಮೊಳಕೆಯ ಕಣ್ಣು ಒಂದೇ ಇದೆಯೋ ಇಲ್ಲವೋ ನೋಡಿ, ಬುಡವನ್ನೇ ಹೂಳುತ್ತಾರಂತೆ. ಬೇರಿನ ಕಡೆ ದಪ್ಪಗಿದ್ದರೆ ಚಿಗುರುವ ಆಸೆ ಇಟ್ಟುಕೊಳ್ಳಬಹುದಂತೆ.

ಅತ್ತೆ ಒಂದೊಂದನ್ನೇ ಬೆಳಕಿಗೆ ಹಿಡಿದರು. ಹದಿನಾರು ಪಾಸು, ಏಳು ಫೇಲು. ಫೇಲಾದ ಏಳೂ ಏಪ್ರನ್ ಮಹಾನುಭಾವ ಹೇಳಿದಂತೆ ಶಿಸ್ತಾಗಿ ಹೆಚ್ಚಿದವು. ಪಾಸಾದವು ನನ್ನ ಸ್ವಂತ ಶೈಲಿಯವು.

ಕೊಯ್ದ ಜಾಗಕ್ಕೆ ಬೂದಿ ಹಚ್ಚಬೇಕು. ಗ್ಯಾಸ್ ಒಲೆಯ ಮನೆಯಲ್ಲಿ ಬೂದಿ ಎಲ್ಲಿಂದ ಬರಬೇಕು? ಅತ್ತೆ ಎದ್ದು ದೇವರ ಜಗುಲಿಯ ಮೇಲಿನ ವಿಭೂತಿ ಗಟ್ಟಿಯನ್ನೇ ಪುಡಿ ಮಾಡಿದರು. ಹದಿನಾರೂ ಈಗ ವಿಭೂತಿ ಧರಿಸಿ, ಅಗಲ ತಟ್ಟೆಯಲ್ಲಿ ಧ್ಯಾನಕ್ಕೆ ಕೂತಿವೆ.

ಎರಡನೇ ಸಲ ಫೋನು ಬಂದಾಗ ಎತ್ತಿ ತಂಗಿಗೆ ಹೇಳಿದರು: "ತರಾಕತ್ತೀನಿ ಬೇ. ಅರ್ಧಕ್ಕ ಟೊಪಗಿ ಇಲ್ಲ, ಬೈಬ್ಯಾಡ."

ಸೂಪು? ರೇಣುಕಾ ಒಂದು ಚಮಚ ಕುಡಿದು, ಇಷ್ಟು ಸಿಹಿ ಮಾಡಿ ಏಲಕ್ಕಿ ಹಾಕುವುದು ಮರೆತಿರೇನು ಅಂದಳು. ಅತ್ತೆ ಮುಟ್ಟಲಿಲ್ಲ. ಬೀಜದ ಗಡ್ಡೆ ನೆಲಕ್ಕೆ ಬೀಳುವ ತನಕ ಆ ತಳಿಯ ಉಳ್ಳಾಗಡ್ಡಿಯನ್ನು ಬಾಯಿಗೆ ಹಾಕುವುದಿಲ್ಲವಂತೆ.

ಇದನ್ನೂ ನನಗೇ ನೇರವಾಗಿ ಹೇಳಿದರು. ಗುರುವಾರದಿಂದ ಎಲ್ಲವನ್ನೂ ನೇರವಾಗಿಯೇ ಹೇಳುತ್ತಿದ್ದಾರೆ... ನನ್ನ ಹೊಟ್ಟೆ, ನನ್ನ ಗಡ್ಡ, ನಾನು ಬೈಕ್ ಓಡಿಸುವ ರೀತಿ. ಹನ್ನೊಂದು ವರ್ಷ ಎಷ್ಟು ತಡೆದುಕೊಂಡಿದ್ದರೋ ಪಾಪ.

ಈಗ ಕೆಲಸದ ಮಾತು. ಈ ಭಾನುವಾರ ಬೆಳಗ್ಗೆ ಸ್ವಂತ ಗಾಡಿಯಲ್ಲಿ ಮಾನ್ವಿ ಕಡೆ ಹೋಗುವವರು ಯಾರಾದರೂ ಇದ್ದೀರಾ? ಬಸ್ಸಿನ ನೂಕಾಟದಲ್ಲಿ ತಟ್ಟೆ ಉಳಿಯುವುದಿಲ್ಲ. ಮುಂದಿನ ಸೀಟಿನಲ್ಲಿ ತಟ್ಟೆ ಹಿಡಿದ ಅತ್ತೆ, ಹಿಂದೆ ಚೀಲ ಹಿಡಿದ ನಾನು. ಚೀಕಲಪರ್ವಿಗೆ ಬಿಟ್ಟರೆ ಸಾಕು, ಗುಂಡಿ ಬಂದಲ್ಲಿ ಮಾತ್ರ ಸ್ವಲ್ಪ ಮೆಲ್ಲಗೆ ಇಳಿಸಬೇಕು.