ಬಾವಿಗೆ ಆಮೆ ಕೊಡುವ ಬೀರವ್ವ

ಬೆಳಕು ಹರಿಯುವ ಮುನ್ನವೇ ಬೀರವ್ವ ಹಿತ್ತಿಲಲ್ಲಿ ಬೋರಲು ಮಲಗಿ ಉಸುಕಿಗೆ ಕಿವಿ ಹಚ್ಚಿದ್ದಾಳೆ. ಇಚಲಕರಂಜಿಯ ಮಗ್ಗಗಳು ಇನ್ನೂ ಶುರುವಾಗಿಲ್ಲ. ಬಣ್ಣಗಾರರು ಬಿಸಾಕಿದ ಕಲ್ಲಿನ ತೊಟ್ಟಿಯಿಂದ ಏಳು ಆಮೆಗಳು ಓರೆ ಹಲಗೆ ಹತ್ತಿ ಮೇಲೆ ಬಂದು, ಅವಳ ಸುತ್ತ ಕತ್ತು ಚಾಚಿ ಕೂತಿವೆ. ಒಂದೂ ಅಲುಗುತ್ತಿಲ್ಲ. ಅವೂ ಉಸುಕನ್ನೇ ನೋಡುತ್ತಿವೆ. ಅದರೊಳಗೆ ಇಪ್ಪತ್ಮೂರು ತತ್ತಿಗಳಿವೆ.

ಈ ಸೀಮೆಯಲ್ಲಿ ಬಾವಿ ತೋಡಿದವರು ಅದರೊಳಗೆ ಒಂದು ಆಮೆ ಬಿಡುತ್ತಾರೆ. ಹುಳ, ಪಾಚಿ, ಕೊಳೆತದ್ದು ತಿಂದು ಅದು ನೀರನ್ನು ತಿಳಿಯಾಗಿಡುತ್ತದೆ. ಆ ಆಮೆಗಳನ್ನು ಮನೆಯಲ್ಲೇ ಮರಿ ಮಾಡಿಸಿ ಸಾಕಿ ಕೊಡುವಾಕೆ ಬೀರವ್ವ. ಹುಪರಿಯಿಂದ ಗಡಹಿಂಗ್ಲಜದ ತನಕ ಅರವತ್ತೆರಡು ಬಾವಿಗಳಲ್ಲಿ ಅವಳ ಆಮೆಗಳಿವೆ. ಒಂದರಿಂದಲೂ ಅವಳು ಒಂದು ಕೊಡ ನೀರು ಸೇದುವಂತಿಲ್ಲ. ಅಸ್ಪೃಶ್ಯತೆ ಅಪರಾಧವೆಂಬ ಕಾಯ್ದೆ ಬಂದು ಎಂಟು ವರ್ಷವಾಯಿತು. ಅದು ಬಾವಿಕಟ್ಟೆಯ ತನಕ ನಡೆದು ಬಂದಿಲ್ಲ.

“ಆಮಿನ್ನ ಕೆಳಗಿಟ್ಟು ದೂರ ಸರೀತೇನ್ರಿ. ಅವರು ಅದರ ಮ್ಯಾಲ ನೀರ ಸುರದು, ಮಡಿ ಮಾಡಿ ಒಳಗ ಬಿಡ್ತಾರ. ಹುಟ್ಟಿದಾಗಿಂದ ನೀರಾಗ ಇದ್ದದ್ದನ್ನ ತೊಳೀತಾರ ನೋಡ್ರಿ,” ಎಂದು ಬೀರವ್ವ ನಗುತ್ತಾಳೆ. ಅವಳ ತೊಟ್ಟಿಗೆ ದಿನಕ್ಕೆ ಹದಿನಾಲ್ಕು ಕೊಡ ನೀರು ಬೇಕು. ಎಲ್ಲವೂ ಹಳ್ಳದಿಂದ, ತಲೆಯ ಮೇಲೆ. ಅದೇ ನೀರನ್ನು ಸೀರೆಯಲ್ಲಿ ಸೋಸಿ ತಾನೂ ಕುಡಿಯುತ್ತಾಳೆ.

ಇಟ್ಟ ತತ್ತಿಯನ್ನು ಹೊರಳಿಸಬಾರದು. ಹೊರಳಿದರೆ ಒಳಗಿನ ಜೀವ ಉಸಿರುಗಟ್ಟುತ್ತದೆ. ಮೇಲ್ಭಾಗ ಯಾವುದೆಂದು ತಿಳಿಯಲು ಬೀರವ್ವ ಪ್ರತಿ ತತ್ತಿಗೂ ದೀಪದ ಮಸಿಯಿಂದ ಒಂದು ಬೊಟ್ಟು ಇಡುತ್ತಾಳೆ. ಅತ್ತೆಯಿಂದ ಕಲಿತದ್ದು.

ಆ ಬೊಟ್ಟೇ ಮುಳುವಾಯಿತು. ಕಳೆದ ತಿಂಗಳು ಊರಗೌಡ ಬಾಳಗೊಂಡನ ಕೂಸಿಗೆ ಜ್ವರ ಬಿಡಲಿಲ್ಲ. ಕರಿ ಬೊಟ್ಟಿನ ತತ್ತಿ ಹುಗಿದವಳು ಮಾಟ ಮಾಡಿದ್ದಾಳೆಂದು ಮಾತು ಎದ್ದಿತು. ಬೀರವ್ವ ಹಳ್ಳಕ್ಕೆ ಹೋದ ಹೊತ್ತು ನೋಡಿ ಗೌಡನ ತಾಯಿ ಅನ್ನವ್ವ ಹಿತ್ತಿಲಿಗೆ ಬಂದಳು. ಮಾಟವನ್ನು ತಲೆಕೆಳಗು ಮಾಡಿದರೆ ಅದು ಮಾಡಿದವರಿಗೇ ಮರಳುತ್ತದಂತೆ. ಒಂದೊಂದೇ ತತ್ತಿ ಎತ್ತಿ, ಬೊಟ್ಟು ಕೆಳಗಾಗಿಸಿ, ಮೊದಲಿನಂತೆಯೇ ಅಚ್ಚುಕಟ್ಟಾಗಿ ಮುಚ್ಚಿದಳು. ತುಂಬಿದ ಕೊಡ ಹೊತ್ತು ಬಂದ ಬೀರವ್ವ ಹಾಗೇ ನಿಂತಳು.

“ಏನ್ ಮಾಡಿದ್ರಿ, ಗೌಡಶ್ಯಾನ್ಯಾರ?”

“ತಿರುವಿ ಇಟ್ಟೇನಿ. ನಿಂದು ನಿನಗ ಮುಟ್ಟಲಿ.”

“ನಿಮ್ಮ ಬಾವ್ಯಾಗೂ ನನ್ನ ಆಮೀನ ಐತಲ್ರಿ.”

“ಅದು ನಮ್ಮದು. ಮಡಿ ಮಾಡಿ ಬಿಟ್ಟೇವಿ.”

ಅನ್ನವ್ವ ಮನೆಗೆ ಹೋಗಿ ಸ್ನಾನ ಮಾಡಿದಳು. ಮರುದಿನ ಕೂಸಿನ ಜ್ವರ ಇಳಿಯಿತು. ಊರಿಗೆ ಅಷ್ಟು ಸಾಕಾಯಿತು.

ಬೀರವ್ವ ತತ್ತಿಗಳನ್ನು ಮತ್ತೆ ಬೊಟ್ಟು ಮೇಲಾಗಿಸಿ ಇಟ್ಟಳು. ಅಂದಿನಿಂದ ಏಳೂ ಆಮೆಗಳು ಮೇವು ಮುಟ್ಟಿಲ್ಲ. ದಿನಾ ನಸುಕಿಗೆ ಬಂದು ಹೀಗೆ ಕೂಡುತ್ತವೆ. ಎಲ್ಲವೂ ಮುದಿ ಆಮೆಗಳು, ಇನ್ನು ತತ್ತಿ ಇಡುವ ಭರವಸೆಯಿಲ್ಲ. ಈ ಇಪ್ಪತ್ಮೂರು ಹೋದರೆ ಅವಳ ಕಸುಬೇ ಮುಗಿಯಿತು. ಮರಿ ಹೊರಬರುವ ದಿನ ದಾಟಿ ಒಂಬತ್ತು ದಿನಗಳಾಗಿವೆ.

ನೆಲದೊಳಗೆ ಉಗುರು ಕೆರೆದ ಸದ್ದು. ಏಳು ಕತ್ತುಗಳು ಒಮ್ಮೆಲೇ ಅತ್ತ ಹೊರಳುತ್ತವೆ. ಉಸುಕು ಕುಸಿದು, ರೂಪಾಯಿ ಅಗಲದ ಮರಿಯೊಂದು ಮೇಲೆ ಬರುತ್ತದೆ. ಬೆನ್ನಿಗೆ ಅಂಟಿದ ತತ್ತಿಯ ಓಡಿನ ಚೂರಿನಲ್ಲಿ ಮಸಿಯ ಬೊಟ್ಟು ಹಾಗೇ ಇದೆ. ಉಳಿದ ಇಪ್ಪತ್ತೆರಡರಲ್ಲಿ ಸದ್ದಿಲ್ಲ.

ಬೇಲಿಯಾಚೆ ಬಾಳಗೊಂಡ ನಿಂತಿದ್ದಾನೆ. ಯಾವಾಗ ಬಂದನೋ.

“ಬೀರವ್ವಾ, ನಮ್ಮ ಬಾವ್ಯಾನ ಆಮಿ ಸತ್ತು ತೇಲೇತಿ. ಅವ್ವ ಇಲ್ಲಿಗೆ ಬಂದ ದಿನಾನ. ಇಷ್ಟ ದಿನ ಯಾರಿಗೂ ಹೇಳಿರಲಿಲ್ಲ. ನೀರ ನಾರಾಕತ್ತೈತಿ. ಆ ಮರಿ ಕೊಡು.”

ಬೀರವ್ವ ಮರಿಯನ್ನು ಅಂಗೈಯಲ್ಲಿ ಮುಚ್ಚಿಕೊಳ್ಳುತ್ತಾಳೆ.

“ಇದನ್ನ ಕೊಡಂಗಿಲ್ರಿ. ನಮ್ಮ ಕೇರ್ಯಾಗ ಬಾವಿ ತೋಡಿದ ದಿನ ಅದರಾಗ ಇಳಸ್ತೇನಿ.”

“ನಿಮ್ಮ ಕೇರ್ಯಾಗ ಬಾವಿ? ಅದ್ಯಾವ ಕಾಲಕ್ಕ?”

“ಆಮಿ ಭಾಳ ವರ್ಷ ಬದಕತೈತ್ರಿ, ಗೌಡ್ರ. ಕಾಯತೈತಿ.”