ಕ್ಷಮೆ ಕೇಳುವ ಕೆಲಸ

ಮುಂಬಯಿಯ ಸಾಂತಾಕ್ರೂಜ್ ಸ್ಟೇಷನ್ನಿನ ಹತ್ತಿರದ ಒಂದು ಹೋಟೆಲಿನಲ್ಲಿ ನಾನು ಹನ್ನೊಂದು ವರ್ಷ ಸಪ್ಲೈಯರ್ ಆಗಿದ್ದೆ. ಗಿರಾಕಿ ಬಾಯಿಬಿಟ್ಟು ರವಾದೋಸೆ ಎಂದಿರುತ್ತಾನೆ. ತಂದಿಟ್ಟ ಮೇಲೆ, ನಾನು ಕೇಳಿದ್ದು ಮಸಾಲೆದೋಸೆ ಎಂದು ಕಣ್ಣು ಕೆಂಪು ಮಾಡುತ್ತಾನೆ. ನನಗೋ ಮೂಗಿನ ತುದಿಯಲ್ಲೇ ಕೋಪ. ಸೇರಿದ ಹೊಸತರಲ್ಲಿ ಹೀಗೇ ಒಬ್ಬರೊಡನೆ ವಾದಕ್ಕೆ ನಿಂತಾಗ ಧಣಿಗಳು ಒಳಗೆ ಕರೆದರು. "ತಪ್ಪು ಯಾರದ್ದೂಂತ ಮತ್ತೆ ನೋಡುವ ಮಾರಾಯ. ಮೊದಲು ಸಾರಿ ಹೇಳು, ಪ್ಲೇಟ್ ತೆಗಿ" ಎಂದರು.

ಹಾಗೆ ಕಲಿತೆ. ನನ್ನ ತಪ್ಪು ಎಂದರೆ ಸಾಕು, ಗಿರಾಕಿ ತಣ್ಣಗಾಗುತ್ತಿದ್ದ. ಭಟ್ಟರು ಗೊಣಗುತ್ತಾ ಇನ್ನೊಂದು ದೋಸೆ ಹುಯ್ಯುತ್ತಿದ್ದರು. ಟೇಬಲ್ ಒರೆಸುವಷ್ಟರಲ್ಲಿ ಎಲ್ಲರಿಗೂ ಮರೆತಿರುತ್ತಿತ್ತು. ಮಾಡದ ತಪ್ಪನ್ನು ತಲೆಯ ಮೇಲೆ ಹೊತ್ತುಕೊಳ್ಳುವುದು ನನಗೆ ನೀರು ಕುಡಿದಷ್ಟು ಸಲೀಸಾಯಿತು. ಅದರಲ್ಲಿ ಒಂದು ಬಗೆಯ ಹೆಮ್ಮೆಯೂ ಇತ್ತು ಎನ್ನಿ.

ಅಂಚೆ ಶಿಕ್ಷಣದಲ್ಲಿ ಬಿ.ಕಾಂ. ಮುಗಿಸಿ, ಮೂವತ್ತು ದಾಟಿದ ಮೇಲೆ, ಮಲಾಡ್‌ನ ಒಂದು ಆಫೀಸಿಗೆ ಸೇರಿದೆ. ಪಾರ್ಸೆಲ್ ಸಾಗಿಸುವ ಸಣ್ಣ ಕಂಪನಿ. ಗಿರಾಕಿಗಳ ದೂರಿಗೆ ಇ-ಮೇಲ್‌ನಲ್ಲಿ ಉತ್ತರ ಬರೆಯುವುದು ನನ್ನ ಕೆಲಸ. ಹೋಟೆಲಿನವನಿಗೆ ಜನರನ್ನು ಸಂಭಾಳಿಸಲು ಗೊತ್ತಿರುತ್ತದೆ ಎಂದೇ ತೆಗೆದುಕೊಂಡಿದ್ದರು. ಆರು ತಿಂಗಳು ಪ್ರೊಬೇಷನ್. ಊರಿಗೆ ಫೋನ್ ಮಾಡಿ, ಎ.ಸಿ.ಯಲ್ಲಿ ಕೂತು ಕೂತು ಶೀತವಾಗಿದೆ ಎಂದು ಜಂಬ ಕೊಚ್ಚಿಕೊಂಡೆ.

ನನಗೆ ಕೆಲಸ ಕಲಿಸಿದವಳು ಪಕ್ಕದ ಕುರ್ಚಿಯ ಹುಡುಗಿ. ಪಾರ್ಸೆಲ್‌ಗಳ ವಿಳಾಸವನ್ನು ಕಂಪ್ಯೂಟರಿಗೆ ಹಾಕುವುದು ಅವಳ ಕೆಲಸ. ಅಪ್ಪ ವಿಜಯಪುರದ ಕಡೆಯಿಂದ ಬಂದು ಬಿಲ್ಡಿಂಗುಗಳಿಗೆ ಟೈಲ್ಸ್ ಕೂರಿಸುವವರು. ಆ ಮನೆಯಲ್ಲಿ ಕುರ್ಚಿಯ ಮೇಲೆ ಕೂತು ದುಡಿಯುವವಳು ಇವಳೊಬ್ಬಳೇ, ಅದೂ ಕಾಂಟ್ರಾಕ್ಟ್ ಮೇಲೆ. ನಾನು ಕನ್ನಡದವನೆಂದು ತಿಳಿದ ದಿನದಿಂದ ನನ್ನೊಡನೆ ತಡವರಿಸುತ್ತಲೇ ಕನ್ನಡ ಮಾತಾಡುತ್ತಿದ್ದಳು. ನಾನು ಒಂದೇ ಬೆರಳಿನಲ್ಲಿ ಟೈಪ್ ಮಾಡುವುದನ್ನು ಕಂಡು, "ಅಣ್ಣಾ, ಕೀಬೋರ್ಡ್ ಐತ್ರಿ ಅದು. ಇಡ್ಲಿ ಬೆಂದೈತಿ ಏನಂತ ಚುಚ್ಚಿ ಚೆಕ್ ಮಾಡಾಕತ್ತೀರಲ್ಲ" ಎಂದು ನಗುತ್ತಿದ್ದಳು. ಮ್ಯಾನೇಜರ್ ಬರುವುದು ಕಂಡರೆ ನನ್ನ ಕಡೆಗೆ ವಾಲಿ, ನನ್ನ ಇಂಗ್ಲಿಷನ್ನು ಸರಸರನೆ ತಿದ್ದಿಕೊಡುತ್ತಿದ್ದಳು. ಅವಳಿಲ್ಲದಿದ್ದರೆ ನಾನು ಮೊದಲ ವಾರವೇ ಗಂಟುಮೂಟೆ ಕಟ್ಟುತ್ತಿದ್ದೆ.

ಮೂರನೇ ತಿಂಗಳಲ್ಲಿ ಒಬ್ಬ ದೊಡ್ಡ ಗಿರಾಕಿಯ ದೂರು ಬಂತು. ಅವರ ಔಷಧದ ಪೆಟ್ಟಿಗೆಗಳು ಬೇರೆ ಊರಿಗೆ ಹೋಗಿ ಬಿಸಿಲಿನಲ್ಲಿ ಹಾಳಾಗಿದ್ದವು. ಮೇಲ್ ತುಂಬ ಬೈಗುಳ. ಓದುತ್ತಿದ್ದಂತೆ ನನ್ನ ಕೈ ತನ್ನಷ್ಟಕ್ಕೇ ಓಡಿತು. ತಪ್ಪು ನಮ್ಮದೇ, ವಿಳಾಸ ದಾಖಲಿಸುವಾಗ ನಮ್ಮಿಂದಲೇ ತಪ್ಪಾಗಿದೆ, ದಯವಿಟ್ಟು ಕ್ಷಮಿಸಿ ಎಂದು ಬರೆದು ಕಳಿಸಿದೆ. ಪಕ್ಕದಲ್ಲೇ ಕೂತಿದ್ದವಳನ್ನು ಒಂದು ಮಾತು ಕೇಳಲಿಲ್ಲ. ಕೇಳಬೇಕೆಂದು ಹೊಳೆಯಲೂ ಇಲ್ಲ. ಗಿರಾಕಿ ಸುಮ್ಮನಾದರು, ನಾನು ನನ್ನ ಬೆನ್ನನ್ನೇ ತಟ್ಟಿಕೊಂಡು ಚಹಾ ಕುಡಿಯಲು ಹೋದೆ.

ವಾರ ಕಳೆದು ಆ ಗಿರಾಕಿಯ ವಕೀಲರಿಂದ ನೋಟಿಸ್ ಬಂತು. ಅದಕ್ಕೆ ನನ್ನ ಇ-ಮೇಲ್ ಅನ್ನೇ ಪುರಾವೆಯಾಗಿ ಲಗತ್ತಿಸಿದ್ದರು. ಆಫೀಸಿನಲ್ಲಿ ಗುಸುಗುಸು ಶುರುವಾಯಿತು. ಹುಡುಗಿಯ ಮುಖ ಬಿಳಿಚಿಕೊಂಡಿತ್ತು. "ಅವರೇ ಫೋನ್‌ನ್ಯಾಗ ಅಡ್ರೆಸ್ ಚೇಂಜ್ ಮಾಡಿಸಿದ್ರು ಅಣ್ಣಾ. ನಂಗ ಪಕ್ಕಾ ಯಾದ್ ಐತಿ" ಎಂದಳು. ಅವಳು ಒಂದು ಅಂಕಿ ತಪ್ಪಿದ್ದನ್ನೂ ನಾನು ಕಂಡಿರಲಿಲ್ಲ. ಅವಳು ಹೇಳಿದ್ದು ನಿಜವೆಂದು ಆಗಲೇ ನನಗೆ ಗೊತ್ತಿತ್ತು.

ಮ್ಯಾನೇಜರ್ ಮೊದಲು ನನ್ನನ್ನು ಕರೆದರು. ಕೂಗಾಡಲಿಲ್ಲ. ಹಿಂದಿಯಲ್ಲಿ ಒಂದೇ ಪ್ರಶ್ನೆ ಕೇಳಿದರು: ಇದನ್ನು ಬರೆಯುವ ಮೊದಲು ಚೆಕ್ ಮಾಡಿದ್ದೆಯಾ, ಇಲ್ಲವಾ? ಇಲ್ಲ ಎಂದರೆ ನನ್ನ ಪ್ರೊಬೇಷನ್ ಅಲ್ಲಿಗೇ ಮುಗಿಯುತ್ತಿತ್ತು. ಹೋಟೆಲಿನಲ್ಲಿ ನನ್ನ ಜಾಗಕ್ಕೆ ಬೇರೆಯವರು ಬಂದಾಗಿತ್ತು. ಊರಿನಲ್ಲಿ ನನ್ನನ್ನು ಆಫೀಸಿನವನು ಎಂದು ಕರೆಯಲು ಶುರುಮಾಡಿದ್ದರು. ಇವೆಲ್ಲ ಈಗ ಕೊಡುವ ಕಾರಣಗಳು. ಆಗ ನನಗೆ ಇದ್ದದ್ದು ಬರೀ ಹೆದರಿಕೆ.

"ಚೆಕ್ ಮಾಡಿದ್ದೆ ಸರ್" ಎಂದೆ.

ನನ್ನ ನಂತರ ಅವಳನ್ನು ಒಳಗೆ ಕರೆದರು. ಹೊರಗೆ ಬಂದವಳು ನನ್ನತ್ತ ನೋಡದೆ ಡ್ರಾಯರ್ ಖಾಲಿ ಮಾಡತೊಡಗಿದಳು. ಟಿಫಿನ್ ಡಬ್ಬಿ, ಒಂದು ಶಾಲು, ಬಾಚಣಿಗೆ. ಮ್ಯಾನೇಜರರ ಬಾಗಿಲು ಏಳೆಂಟು ಹೆಜ್ಜೆ ದೂರದಲ್ಲಿತ್ತು. ಎದ್ದು ಹೋಗಿ, ನಾನು ಸುಳ್ಳು ಹೇಳಿದೆ ಎನ್ನಬಹುದಿತ್ತು. ಎದ್ದೆ ಕೂಡ. ಎದ್ದು ನಿಂತು, ಕುರ್ಚಿ ಸರಿಮಾಡಿದವನಂತೆ ಮತ್ತೆ ಕೂತೆ. ಆ ಕ್ಷಣ ನೆನಪಾದರೆ ಇಂದಿಗೂ ನನ್ನ ಮೇಲೆ ನನಗೇ ಅಸಹ್ಯವಾಗುತ್ತದೆ.

ಅವಳು ಚೀಲ ಹೆಗಲಿಗೆ ಹಾಕಿಕೊಂಡು ನನ್ನ ಪಕ್ಕ ನಿಂತಳು. ಬೈಯುತ್ತಾಳೆ ಎಂದುಕೊಂಡೆ. ಬೈದರೆ ಸಾಕು ಎಂದು ಆಸೆಪಟ್ಟೆ.

"ನೀವು ಚೆಕ್ ಮಾಡೇ ಬರೆದಿದ್ರಂತ, ಸರ್ ಹೇಳಿದ್ರು" ಎಂದಳು. "ಹಂಗಾದ್ರ ನಾನೇ ಏನರ ಗಡಬಡ್ ಮಾಡಿರ್ಬೇಕು. ಸುಮ್ಮ ಅವರದ ತಪ್ಪು ಅಂತಿದ್ದೆ. ನನ್ನಿಂದ ನಿಮಗೂ ತ್ರಾಸ್ ಆತು. ಸಾರಿ ಅಣ್ಣಾ."

ಅವಳು ಉತ್ತರಕ್ಕಾಗಿ ಕಾಯುತ್ತಿದ್ದಳು.

"ಪರವಾಗಿಲ್ಲ" ಎಂದೆ.