ಚೌಡಣ್ಣನ ಗಂಟು

ಹಲವಾಗಲಿನ ಹತ್ತಿರ ತುಂಗಭದ್ರೆ ತಿರುಗುವ ಕಡೆ, ಮೇಲಿನ ಊರುಗಳಲ್ಲಿ ಮುಳುಗಿದವರು ಬಂದು ತೇಲುತ್ತಾರೆ. ಅಲ್ಲಿ ತೆಪ್ಪ ಹಾಕುವ ಚೌಡಣ್ಣ ಇಪ್ಪತ್ತು ವರ್ಷದಿಂದ ಅವರ ಎಡಗೈಗೆ ಹಗ್ಗ ಬಿಗಿದು ದಡದ ಜಾಲಿಮರಕ್ಕೆ ಕಟ್ಟುತ್ತಿದ್ದ. ಪೊಲೀಸರು ಬರುವಷ್ಟರಲ್ಲಿ ಹೊಳೆ ಒಯ್ದರೆ ಮನೆಯವರಿಗೆ ಮಣ್ಣು ಮಾಡಲೂ ಏನೂ ಸಿಗುವುದಿಲ್ಲ. ಮೊದಲು ಕುರಿ ಕಾದವನು. ಗಂಟು ಮರಿ ಕಟ್ಟುವ ಗಂಟೇ.

ಇದೆಲ್ಲ ಪ್ರವೀಣಕುಮಾರನಿಗೆ ಗೊತ್ತಾದದ್ದು ಆಮೇಲೆ. ಹರಪನಹಳ್ಳಿಯ ಸಣ್ಣ ಪತ್ರಿಕೆಯೊಂದರ ವರದಿಗಾರ ಅವನು; ಎಂದರೆ ಹುಟ್ಟುಹಬ್ಬದ ಜಾಹೀರಾತು ಕೇಳುತ್ತ ಅಂಗಡಿ ಅಲೆಯುವವನು. ಐದು ತಿಂಗಳಲ್ಲಿ ಮೂರು ಹೆಣ, ಮೂರೂ ಫೋಟೊಗಳಲ್ಲಿ ಅದೇ ಗಂಟು ಕಂಡಾಗ, ತಾನು ಬುದ್ಧಿವಂತನೆಂದು ಜೀವನದಲ್ಲಿ ಮೊದಲ ಸಲ ಅನ್ನಿಸಿತು. ಮೊಬೈಲಿನಲ್ಲಿ ಓದಿಯೂ ಕೊಂಡ. ಒಂದೇ ಕಡೆ, ಒಂದೇ ಸಲಕ್ಕೆ ಹಲವರನ್ನು ಕೊಂದರೆ ಸಾಮೂಹಿಕ ಹತ್ಯೆ; ಉಸಿರು ಬಿಡದೆ ಊರಿಂದೂರಿಗೆ ಕೊಲ್ಲುತ್ತ ಹೋದರೆ ಅದು ಬೇರೆ ಬಗೆ; ಕೊಂದು, ತಣ್ಣಗೆ ಮನೆಗೆ ಹೋಗಿ ಉಂಡು, ದಿನ ಬಿಟ್ಟು ಮತ್ತೆ ಕೊಂದರೆ ಸರಣಿ ಹತ್ಯೆ. ಎಲ್ಲ ಹೊಂದಿತು. ಗಂಟು ಕಟ್ಟಿದವರು ಯಾರೆಂದು ಹೊಳೆದಂಡೆಯಲ್ಲಿ ಒಂದು ಮಾತು ಕೇಳಿರಲಿಲ್ಲ, ಅಷ್ಟೆ. ‘ತುಂಗಭದ್ರೆಯಲ್ಲಿ ಸರಣಿ ಹಂತಕ?’ ಎಂದು ಬರೆದ. ಕೊನೆಯ ಪ್ರಶ್ನಾರ್ಥಕ ಚಿಹ್ನೆ ತನ್ನನ್ನು ಕಾಯುತ್ತದೆ ಎಂದುಕೊಂಡಿದ್ದ.

ಚೌಡಣ್ಣನನ್ನು ಮೂರು ದಿನ ಠಾಣೆಗೆ ಕರೆದು ಕೂರಿಸಿದರು. ಮೂವರೂ ಕಾಲು ಜಾರಿ ಬಿದ್ದವರೆಂದು ಮೇಲಿನ ಊರುಗಳಲ್ಲಿ ವಿಚಾರಿಸಿದಾಗ ತಿಳಿಯಿತು; ನೀರು ಕುಡಿದೇ ಸತ್ತವರು, ಹಗ್ಗ ಬಿಗಿದದ್ದು ಆಮೇಲೆ ಎಂದು ಡಾಕ್ಟರ ವರದಿ ಬಂತು. ಕೊಲೆಯೇ ಇಲ್ಲವೆಂದ ಮೇಲೆ ಸರಣಿ ಎಲ್ಲಿಯದು? ಪೊಲೀಸರು ಬಿಟ್ಟರು, ಊರು ಬಿಡಲಿಲ್ಲ. ತೆಪ್ಪ ಹತ್ತಿದವರು ಎಡಗೈಯನ್ನು ಅಂಗಿಯೊಳಗೆ ಅಡಗಿಸಿ ಕೂರತೊಡಗಿದರು.

ತಿಂಗಳ ಮೇಲೆ, ಪತ್ರಿಕೆಯಲ್ಲಿದ್ದ ಪ್ರವೀಣಕುಮಾರನ ನಂಬರಿಗೆ ಚೌಡಣ್ಣನ ಫೋನು ಬಂತು.

“ಇನ್ನೊಂದು ಬಂದೈತಿ. ನಾ ಮುಟ್ಟಂಗಿಲ್ಲ. ನೀನ ಬಂದು ಕಟ್ಟು.”

“ಪೊಲೀಸರಿಗೆ ಹೇಳಿಲ್ಲೇನಣ್ಣ?”

“ಹೇಳೀನಿ. ಅವರು ಬರೋಮಟ ಹೊಳಿ ನಿಂತಿರತೈತೇನು?”

ಪ್ರವೀಣಕುಮಾರ ಬೈಕಿನಲ್ಲಿ ತಲುಪುವಷ್ಟರಲ್ಲಿ ಮುಕ್ಕಾಲು ತಾಸಾಗಿತ್ತು. ಅಷ್ಟು ಹೊತ್ತೂ ಚೌಡಣ್ಣ ತೆಪ್ಪದ ಹುಟ್ಟಿನಿಂದ ಹೆಣವನ್ನು ತಡೆದು ನಿಂತಿದ್ದ. ವರದಿಗಾರ ಸೊಂಟದ ಮಟ ನೀರಿಗಿಳಿದ. ಗಂಟು ಎರಡು ಸಲ ಜಾರಿತು.

“ಮ್ಯಾಲಿಂದ ಸುತ್ತಿ ಒಳಗ ತೂರಿಸು,” ಚೌಡಣ್ಣ ಬಾಯಲ್ಲೇ ಹೇಳಿಕೊಟ್ಟ. “ಮೆತ್ತಗ ತಮ್ಮಾ, ಚರ್ಮ ಸುಲೀತೈತಿ.”

ಮೂರನೆಯ ಸಲ ನಿಂತಿತು. ಚೌಡಣ್ಣ ಹುಟ್ಟು ತೆಗೆದು ತೆಪ್ಪದಲ್ಲಿ ಕುಸಿದು ಕೂತ.

“ಈಗ ಫೋಟೊ ತಗಿ. ನಿನ್ನ ಕೈ ಕಾಣಬೇಕು.”

ಮರುದಿನ ಅಚ್ಚಾಯಿತು: ಗಂಟು, ಗಂಟಿನ ಮೇಲೆ ವರದಿಗಾರನ ಕೈ, ಅದನ್ನು ಕಲಿಸಿದವನ ಹೆಸರು. ಪ್ರಶ್ನಾರ್ಥಕ ಚಿಹ್ನೆ ಇರಲಿಲ್ಲ.